ಎಡ್ವರ್ಡ್ ಬ್ಯಾಂಡಿನಲ್ಲಿ ಅಂಗಾರ

ಶುಕ್ರವಾರದ ರಜೆಯಾದರೂ ಅಂಗಾರನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಮಸ್ಕತ್ತಿನ ಘಾಲಾದಲ್ಲಿದ್ದ ಗ್ಯಾರೇಜಿನ ಹಿಂದಿನ ರೂಮಿನಲ್ಲಿ ಬೆಳಗಿನಿಂದ ಒಂದೇ ಕ್ಯಾಸೆಟ್ಟು: ಹಾಕುವುದು, ನಿಲ್ಲಿಸುವುದು, ಹಿಂದೆ ಓಡಿಸುವುದು, ಮತ್ತೆ ಹಾಕುವುದು. ಹತ್ತಿಯನ್ನು ಸೆಂಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ಡನ್ನು ಮೂರು ಸಲ ಒರೆಸಿದ. ಸ್ಪೀಕರನ್ನು ಕಿಟಕಿಯ ಕಡೆ ತಿರುಗಿಸಿದ, ಗೋಡೆಯ ಕಡೆ ತಿರುಗಿಸಿದ. ಕ್ಲಾರಿನೆಟ್ ಇತ್ತು, ಟ್ರಂಪೆಟ್ ಇತ್ತು, ದೊಡ್ಡ ಡ್ರಮ್ಮು ಗುದ್ದುತ್ತಿತ್ತು. ಇಲ್ಲದೆ ಹೋದವನು ಒಬ್ಬನೇ, ಅಂಗಾರ.

ಅದು ಕಟಪಾಡಿಯ ಎಡ್ವರ್ಡ್ ಮಾಸ್ಟರರ ಬ್ಯಾಂಡ್ ಸೆಟ್ಟು. ಒಮಾನಿಗೆ ಬರುವ ಮೊದಲು ಆರು ವರ್ಷ ಅಂಗಾರ ಅದರಲ್ಲಿ ಟ್ರಯಾಂಗಲ್ ಬಾರಿಸಿದ್ದ. ಮೂರು ಮೂಲೆಗೆ ಬಗ್ಗಿಸಿದ ಒಂದು ಸರಳು, ಬಾರಿಸಲು ಒಂದು ಕಡ್ಡಿ, ಅಷ್ಟೇ ವಾದ್ಯ. ಮದುವೆ ಮನೆಯವರು ಅವನನ್ನು ಬ್ಯಾಂಡಿನವನೆಂದೇ ಎಣಿಸುತ್ತಿರಲಿಲ್ಲ, ಊಟಕ್ಕೆ ಕರೆಯುವಾಗ ಮರೆತದ್ದೂ ಉಂಟು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಒಬ್ಬ ಮದುಮಗ ತನ್ನ ದಿಬ್ಬಣದ ಬ್ಯಾಂಡನ್ನು ಹೊಸ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಕೊಂಡು, ಒಂದು ಪ್ರತಿಯನ್ನು ಅಂಗಾರನಿಗೂ ಕೊಟ್ಟಿದ್ದ. ತಾನೂ ಒಂದು ಕಾಲಕ್ಕೆ ವಾದ್ಯದವನಾಗಿದ್ದೆ ಎಂಬುದಕ್ಕೆ ಅಂಗಾರನ ಬಳಿ ಇದ್ದ ಸಾಕ್ಷಿ ಅದೊಂದೇ.

೧೯೮೧ರಲ್ಲಿ ಘಾಲಾಕ್ಕೆ ಬಂದು, ಜಜ್ಜಿದ ಕಾರಿನ ತಗಡು ಬಡಿದು ನೇರ ಮಾಡುವ ಟಿಂಕರ್ ಕೆಲಸಕ್ಕೆ ನಿಂತ. ಕೇಳುವ ಹುಚ್ಚು ಮಾತ್ರ ಬಿಡಲಿಲ್ಲ. ಮೊದಮೊದಲು ರಫಿ. ರಫಿಯನ್ನು ಬಿಟ್ಟರೆ ಉಳಿದವರೆಲ್ಲ ಗಂಟಲು ಸರಿಮಾಡಿಕೊಳ್ಳುವವರು ಎಂದು ಕಂಡಕಂಡವರೊಡನೆ ಜಗಳಾಡಿದ. ಮೂರು ವರ್ಷಕ್ಕೆ ಗ್ಯಾರೇಜಿನ ಪೇಂಟರ್ ಪಠಾಣನ ಸಹವಾಸದಲ್ಲಿ ಗಜಲು ಹತ್ತಿಕೊಂಡಿತು. ಅರ್ಧಕ್ಕರ್ಧ ಅರ್ಥವಾಗದಿದ್ದರೂ ಕಣ್ಣೊರೆಸಿಕೊಂಡ. ಆಮೇಲೆ ವೀಸಾ ಕೊಟ್ಟ ಅರಬ ಧಣಿ ಕಫೀಲನ ಗಾಡಿಯಲ್ಲಿ ಕೇಳಿದ ಅರಬರ ಊದ್ ವಾದ್ಯ, ಆಮೇಲೆ ಯಕ್ಷಗಾನದ ಭಾಗವತರು, ಅವರ ಬೆನ್ನಿಗೇ ಸ್ಯಾಕ್ಸೋಫೋನು. ಯಾರ ಹತ್ತಿರವೂ ನೆಟ್ಟಗೆ ನಿಂತ ಆಸಾಮಿಯಲ್ಲ. ಹೊಸ ಹುಚ್ಚು ಬೇಸರವಾದಾಗಲೆಲ್ಲ ಎಡ್ವರ್ಡ್ ಬ್ಯಾಂಡು ಹಾಕಿ, ತನ್ನ ಕಿಣಿಕಿಣಿ ಕೇಳಿದ ಮೇಲೆಯೇ ಅವನಿಗೆ ನಿದ್ದೆ.

ಇಷ್ಟನ್ನೂ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟವನು ಉಳ್ಳಾಲದ ಬ್ಯಾರಿ ಇದಿನಬ್ಬ. ಗ್ಯಾರೇಜಿನಿಂದ ಎರಡು ರಸ್ತೆ ಆಚೆ ಅವನ ಕ್ಯಾಸೆಟ್ ಅಂಗಡಿ, ಹನ್ನೆರಡು ವರ್ಷದ ಒಡನಾಟ.

ಆದರೆ ಎರಡು ವರ್ಷದಿಂದ ಕ್ಯಾಸೆಟ್ಟುಗಳ ಸದ್ದಿನಲ್ಲಿ ಏನೋ ಕೆಟ್ಟಿತ್ತು. ಕೊಳಲಿಗೆ ಬಟ್ಟೆ ತುರುಕಿದಂತೆ, ಗೆಜ್ಜೆಗೆ ಕೆಸರು ಮೆತ್ತಿದಂತೆ. ಅಂಗಾರ ಸೆಕೆಯನ್ನು ಬೈದ, ಟೇಪಿನ ಕಂಪೆನಿಯನ್ನು ಬೈದ, ಎರಡು ರೆಕಾರ್ಡರು ಬದಲಿಸಿದ. ಕಳೆದ ತಿಂಗಳು ಟ್ರಯಾಂಗಲ್ಲೇ ಮಾಯವಾಯಿತು. ಟೇಪು ಸವೆದಿರಬೇಕೆಂದು ಇದಿನಬ್ಬನಿಂದ ಹೊಸ ಪ್ರತಿ ಮಾಡಿಸಿದರೆ ಅದರಲ್ಲೂ ಇಲ್ಲ. ತಲೆ ಕೆಟ್ಟುಹೋಯಿತು. ಅಂಗಡಿಗೆ ನುಗ್ಗಿ ಐದಾರು ಗಿರಾಕಿಗಳ ಎದುರೇ ಕೂಗಾಡಿದ.

"ಬ್ಯಾರಿಗಳೇ, ಕಳಪೆ ಟೇಪಿನಲ್ಲಿ ತುಂಬಿಸಿ ಕೊಡ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮಗೆ? ನನ್ನನ್ನೇ ಅಳಿಸಿ ಹಾಕಿದ್ದೀರಲ್ಲ!"

ಇದಿನಬ್ಬ ತಲೆ ಎತ್ತಲಿಲ್ಲ. "ಇನ್ನೊಂದು ಮಾಡಿ ಕೊಡ್ತೇನೆ ಅಂಗಾರಣ್ಣ" ಎಂದಷ್ಟೇ ಹೇಳಿದ್ದ. ಆ ಇನ್ನೊಂದು ಪ್ರತಿಯೇ ಈಗ ಓಡುತ್ತಿದ್ದದ್ದು.

ರೂಮಿನ ಜೊತೆಗಾರ ಭೋಜರಾಜ ಸ್ನಾನ ಮುಗಿಸಿ ಒಳಗೆ ಬಂದವನು ಎರಡೂ ಕಿವಿ ಮುಚ್ಚಿಕೊಂಡ. "ಆ ಕಿಣಿಕಿಣಿ ಒಂಚೂರು ಕಮ್ಮಿ ಮಾಡಿ ಮಾರಾಯ್ರೆ, ಕಿವಿ ತೂತಾಗ್ತದೆ."

"ಎಂತ ಕಿಣಿಕಿಣಿ?"

"ಇದೇ ಅಂಗಾರಣ್ಣ. ನಿಮ್ಮ ಎಲ್ಲ ಕ್ಯಾಸೆಟ್ಟೂ ಹೀಗೇ, ಸೂಜಿ ಚುಚ್ಚಿದ ಹಾಗೆ. ನೋಡಿ, ಈಗ ಒಂದು. ಈಗ ಮತ್ತೊಂದು."

ಅಂಗಾರ ಉಸಿರು ಬಿಗಿಹಿಡಿದು ಕೇಳಿದ. ಅವನ ಪಾಲಿಗೆ ಎರಡು ಸಲವೂ ಬಂದದ್ದು ಡ್ರಮ್ಮೊಂದೇ. ಮೂಲೆಯಲ್ಲಿದ್ದ ಸುತ್ತಿಗೆಯ ಮೇಲೆ ಕಣ್ಣು ಹೋಯಿತು. ಹದಿಮೂರು ವರ್ಷ, ದಿನಕ್ಕೆ ಹತ್ತು ಗಂಟೆ, ಕಿವಿಯ ಪಕ್ಕದಲ್ಲೇ ತಗಡು. ಟೇಪಿನ ಕಂಪೆನಿಯದ್ದಲ್ಲ ತಪ್ಪು, ಇದಿನಬ್ಬನದ್ದಂತೂ ಅಲ್ಲವೇ ಅಲ್ಲ. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅಂಗಿಯ ಗುಂಡಿ ಹಾಕುತ್ತಲೇ ಹೊರಟ. ಜುಮಾ ನಮಾಜಿಗೆ ಅಂಗಡಿ ಮುಚ್ಚಿತ್ತು. ಶಟರಿನ ಮುಂದೆ ಆ ತುದಿಯಿಂದ ಈ ತುದಿಗೆ ನಡೆದ, ಎಷ್ಟು ಸಲವೋ. ಕೊನೆಗೆ ಇದಿನಬ್ಬ ಬಂದು ಬೀಗ ತೆಗೆದ.

"ಬ್ಯಾರಿಗಳೇ, ನನ್ನ ಕಿವಿ ಹೋದದ್ದು ನಿಮಗೆ ಗೊತ್ತಿತ್ತಾ?"

ಇದಿನಬ್ಬ ತಲೆಯ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. "ಎರಡು ವರ್ಷ ಆಯ್ತು. ಸಣ್ಣ ಚೂಪು ಸದ್ದು ನಿಮಗೆ ಕೇಳ್ಲಿ ಅಂತ ಟ್ರೆಬಲ್ ಏರಿಸಿಯೇ ನಿಮ್ಮದನ್ನು ತುಂಬಿಸುದು. ಈ ಕೊನೇ ಪ್ರತಿಗೆ ಪೂರ್ತಿ ಕೊಟ್ಟಿದ್ದೇನೆ. ಇನ್ನು ಏರಿಸ್ಲಿಕ್ಕೆ ಮೆಷಿನಿನಲ್ಲಿ ಇಲ್ಲ."

"ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀವು ಮತ್ತೆ ಬರ್ತಿದ್ರಾ?" ಇದಿನಬ್ಬ ಕ್ಯಾಸೆಟ್ಟುಗಳ ಸಾಲನ್ನು ಸುಮ್ಮನೆ ಸರಿಮಾಡಿದ. "ಬೇರೆಯವರು ಕೊಂಡು ಹೋಗ್ತಾರೆ. ಕೂತು ಕೇಳುದು ನೀವೊಬ್ಬರೇ."

ಅಂಗಾರ ಮೇಜಿನ ಹತ್ತಿರ ಬಂದ. "ಮೊನ್ನೆ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ."

"ಅದು ಕೇಳಿತು. ನನ್ನ ಕಿವಿ ಸರಿ ಉಂಟು."

ನಗು ಬಂದರೂ ಅಂಗಾರ ನಗಲಿಲ್ಲ. ಕಿಸೆಯಿಂದ ಕ್ಯಾಸೆಟ್ಟು ತೆಗೆದು ಮುಂದೆ ಸರಿಸಿದ. "ಇದನ್ನು ಹಾಕಿ. ನಾನು ಬೆರಳಿನಲ್ಲಿ ಬಡೀತೇನೆ. ತಪ್ಪಿದ್ರೆ ಹೇಳಿ."

ಕ್ಲಾರಿನೆಟ್ ಎದ್ದಿತು. ಅಂಗಾರ ಕಣ್ಣು ಮುಚ್ಚಿ ಮೇಜಿನ ಗಾಜಿನ ಮೇಲೆ ತೋರುಬೆರಳು ಬಡಿಯತೊಡಗಿದ. ಬೆಳಗಿನಿಂದ ಅಡ್ಡಾಡುತ್ತಿದ್ದ ಕಾಲು ನಿಂತಿತು. ಒಂದು ಸುತ್ತು ಮುಗಿಯಿತು, ಎರಡು ಮುಗಿಯಿತು, ಇದಿನಬ್ಬನದ್ದು ಮಾತಿಲ್ಲ. ಮೂರನೆಯ ಸುತ್ತಿನಲ್ಲಿ ಕೈ ತಡೆಯದೆ ಬೆರಳು ತಾಳಕ್ಕಿಂತ ಮೊದಲೇ ಬಿತ್ತು.

"ಇಲ್ಲಿ ಮುಂಚೆ ಹೊಡೆದ್ರಿ" ಎಂದ ಇದಿನಬ್ಬ.

ಅಂಗಾರ ಕಣ್ಣು ಬಿಟ್ಟ. "ನಾನು ಮಾತ್ರವಾ? ಕ್ಯಾಸೆಟ್ಟಿನಲ್ಲಿ ಟ್ರಯಾಂಗಲ್ ಹೇಗುಂಟು?"

ಇದಿನಬ್ಬ ಹಿಂದೆ ಓಡಿಸಿ, ಕಿವಿಯನ್ನು ಸ್ಪೀಕರಿಗೆ ತಾಗಿಸಿ ಕೇಳಿದ. ಅವನ ಮುಖ ಅರಳಿತು.

"ಕ್ಯಾಸೆಟ್ಟಿನಲ್ಲೂ ಮುಂಚೆಯೇ."

"ಎಡ್ವರ್ಡ್ ಮಾಸ್ಟರ್ ಅವತ್ತು ದಿಬ್ಬಣದಲ್ಲಿ ಇದಕ್ಕೇ ಬೈದದ್ದು" ಎಂದ ಅಂಗಾರ. ಕಣ್ಣಲ್ಲಿ ನೀರು ಬಂದದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ. "ಹಾಗಾದ್ರೆ ಅದರಲ್ಲಿ ನಾನಿದ್ದೇನೆ."