ಹೊಳೆಪ್ಪನ ಹೊಟ್ಟೆಗೆ ಬೀಳಬೇಕಾದ ಏಟು

೧

ಎಲ್ಲಿಂದ ಶುರು ಮಾಡಲಿ? ಏಟಿನಿಂದ ಶುರು ಮಾಡಿದರೆ ಹೊಟ್ಟೆ ಯಾರದು ಅನ್ನುತ್ತೀರಿ. ಹೊಟ್ಟೆಯಿಂದ ಶುರು ಮಾಡಿದರೆ ಏಟು ಯಾವಾಗ ಅನ್ನುತ್ತೀರಿ. ಪೆನ್ನು ಹಿಡಿದರೆ ನನ್ನ ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ. ಅದಕ್ಕೇ ಈ ಫೋನಿಗೆ ಮಾತಾಡುತ್ತಿದ್ದೇನೆ. ಬೇಸರವಾದರೆ ಮುಂದೆ ಓಡಿಸಿ. (ಓಡಿಸಬೇಡಿ. ಮಾತಿಗೆ ಅಂದೆ.)

ಹೊಟ್ಟೆಯಿಂದಲೇ ಶುರು. ಎಪ್ಪತ್ತರ ದಶಕ, ಕುಂದಗೋಳ ತಾಲೂಕಿನ ಸಂಶಿ. ಹೊಟ್ಟೆ ಹೊಳೆಪ್ಪನದು. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಅರಳೆಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಹೊರುವ ಆಳು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕು, ಅಂಥ ಮೈ. ಆದರೆ ಎದುರಿನವ ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಸಾಕು, ಕಣ್ಣು ಮುಚ್ಚಿ ಹಿಂದೆ ಸರಿಯುತ್ತಿದ್ದ. ಇದು ಊರಿಗೇ ಗೊತ್ತಾಗಿ, ಸಂತೆಗೆ ಬಂದವರು ಬದನೆಕಾಯಿ ಹಿಚುಕಿ ನೋಡುವಂತೆ ಅವನ ಹೊಟ್ಟೆಗೊಂದು ಬೆರಳು ತಿವಿದು ಮುಂದೆ ಹೋಗುತ್ತಿದ್ದರು.

"ಏನಲೇ ಅರಳಿ ಅಂಡಿಗಿ, ಇವತ್ತ ಎಷ್ಟ್ ತೂಕ ಬಿದ್ದೀ?"

ಅವನೂ ನಗುತ್ತಿದ್ದ. ನಕ್ಕು ಮನೆಗೆ ಬಂದು ಉಣ್ಣದೆ ಮಲಗುತ್ತಿದ್ದ. ಆ ಬೆರಳು ನಿಲ್ಲಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

೨

(ಇದನ್ನು ಡಿಲೀಟ್ ಮಾಡಬೇಕು: ಹೊಳೆಪ್ಪ ಗುಡ್ಡ ಹತ್ತಿ ಸಾಧುವೊಬ್ಬನಿಂದ ವಿದ್ಯೆ ಕಲಿತು, ಇಳಿದು ಬಂದು ಸಂತೆಯಲ್ಲಿ ಹತ್ತು ಜನರನ್ನು ಕೆಡವುತ್ತಾನೆ. ಸಂಶಿಯಲ್ಲಿ ಗುಡ್ಡ ಎಲ್ಲಿದೆ? ನಾಲ್ಕೂ ಕಡೆ ಎರೆಹೊಲ, ರೊಟ್ಟಿ ಹಂಚಿನ ಹಾಗೆ ಮಟ್ಟಸ. ಹೀರೋ ಹತ್ತುವುದು ಎಲ್ಲಿಗೆ?)

ಅವನು ಹೋದದ್ದು ಗರಡಿಗೆ. ಉಸ್ತಾದ ಬುಡನಸಾಬರು ಮಗ್ಗದ ಕೆಲಸದವರು, ಸಣ್ಣ ಆಳು. ಅವರದೊಂದು ಕಟ್ಟಳೆ: ಹೊಸಬ ಹೊಸ್ತಿಲ ಮೇಲೆ ನಿಂತು ಉಸ್ತಾದರ ಅಂಗೈ ಏಟನ್ನು ಹೊಟ್ಟೆಗೆ ತಗೊಳ್ಳಬೇಕು. ಕಾಲು ಹಿಂದಿಡದಿದ್ದರೆ ಕುಸ್ತಿಯ ಕೆಂಪು ಮಣ್ಣಿಗೆ ಇಳಿಯಬಹುದು. ಮೂರು ಸಲ ಸೋತರೆ ಮತ್ತೆ ಆ ಓಣಿಗೆ ಬರಬಾರದು.

ಮೊದಲ ಸಲ ಹೊಳೆಪ್ಪ ಹಿಂದೆ ಸರಿದು ದಾರಿಯಲ್ಲಿ ಹೊರಟಿದ್ದ ಎಮ್ಮೆಗೆ ಹೋಗಿ ಆತುಕೊಂಡ.

"ನಾ ಇನ್ನೂ ಹೊಡದೇ ಇಲ್ಲಲ್ಲೋ ಮಾರಾಯಾ!" ಅಂದರು ಉಸ್ತಾದರು. "ಪೆಟ್ಟ್ ಬೀಳೂ ಮುಂದ ಉಸುರು ಹೊರಗ ಹಾಕಿ ಹೊಟ್ಟಿ ಬಿಗಿ ಹಿಡೀಬೇಕು. ಅದು ಮೈಗೆ ರೂಢಿ ಆಗ್ಬೇಕಪಾ. ಮನ್ಯಾಗ ಯಾರ ಕಡಿಂದರ ದಿನಾ ಹೊಡಿಸ್ಕೋ, ಹೋಗು."

೩

ಮನೆಯಲ್ಲಿದ್ದದ್ದು ಹೆಂಡತಿ ಅನ್ನವ್ವ ಒಬ್ಬಳೇ. ಪತಿಯ ಮೇಲೆ ಕೈ ಎತ್ತಬೇಕೆಂದು ಕೇಳಿ ಆ ಸಾಧ್ವಿ ಕಣ್ಣೀರಿಡುತ್ತ, ನಡುಗುತ್ತ...

"ಏ ಅಜ್ಜಾ, ನಿಂದರು. ನಾ ಯಾವಾಗ ಅತ್ತೆ?"

(ಇದು ಅನ್ನವ್ವ. ಕಥೆಯೊಳಗಿಂದಲೇ ಕೂಗುತ್ತಾಳೆ. ಏನು ಮಾಡಲಿ?)

"ಗಂಡನ್ನ ಹೊಡಿಯೂದು ಪಾಪ ಅಲ್ಲೇನವ್ವಾ?" ಅಂದೆ.

"ಪಾಪ ಖರೇ. ಅದಕ್ಕ ಹೊಡದ ಮ್ಯಾಲೆ ಕಾಲಿಗೆ ಬೀಳತಿದ್ದೆ. ಆದ್ರ ಸುಳ್ಳ್ಯಾಕ್ ಹೇಳ್ಲಿ, ಮೈಯೆಲ್ಲಾ ಅಗದಿ ಹಗರ ಆಗತಿತ್ತು."

ಸರಿ, ಕಣ್ಣೀರು ಕ್ಯಾನ್ಸಲ್. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು ಮುಗಿದ ಮೇಲೆ ಹೊಳೆಪ್ಪ ಒಲೆಯ ಬಾಜು ಅಂಗಿ ಕಳಚಿ ನಿಲ್ಲುತ್ತಿದ್ದ. ಗಂಡನ ಹೆಸರು ಹೇಳುವಂತಿಲ್ಲ, ಹೇಳದೆ ಹೊಡೆಯುವುದೂ ಮರ್ಯಾದೆಯಲ್ಲ. ಹಾಗಾಗಿ ಅನ್ನವ್ವ "ಬಂತ್ರೀ!" ಅನ್ನುತ್ತಿದ್ದಳು. ಅವನು "ಹುಂ" ಎಂದು ಉಸಿರು ಬಿಡುತ್ತಿದ್ದ. ರೊಟ್ಟಿ ಬಡಿದು ಪಳಗಿದ ಕೈ ಹೊಟ್ಟೆಗೆ ಬೀಳುತ್ತಿತ್ತು. ಕೂಡಲೇ ಬಗ್ಗಿ ನಮಸ್ಕಾರ. ಎದ್ದು ಮತ್ತೆ "ಬಂತ್ರೀ!"

ಗೋಡೆಯಾಚೆಯಿಂದ ನೆರೆಮನೆಯ ಮಲ್ಲಕ್ಕ ಇಣುಕಿದಳು. "ಇದ್ಯಾವ ಪೂಜಿವಾ?"

"ಇವರಿಗೆ ಹೊಡ್ಯಾಕತ್ತೇನ್ರಿ."

"ಹಂಗೇನ? ನಮ್ಮ ಮನಿಯವರಿಗೂ ಹಚ್ಚಬೇಕ್ ನೋಡು ಈ ರೂಢಿ."

ಹೊಟ್ಟೆಯ ಮೇಲೆ ಐದು ಬೆರಳಿನ ಜೋಳದ ಹಿಟ್ಟಿನ ಗುರುತು ಹೊತ್ತೇ ಅವನು ಜಿನ್ನಿಗೆ ಹೋಗುತ್ತಿದ್ದ. ಚಳಿ ಕಳೆಯುವಷ್ಟರಲ್ಲಿ ಆ ಹೊಟ್ಟೆ ಬಡಿದರೆ ಹಲಗೆಯ ಸದ್ದು ಬರುವಂತಾಯಿತು.

೪

ಎರಡನೆಯ ಸಲ ಎದೆ ಉಬ್ಬಿಸಿ ಹೋದ. ಉಸ್ತಾದರು ಏನೂ ಅನ್ನಲಿಲ್ಲ. ಸುಮ್ಮನೆ ಒಂದು ಬಿಟ್ಟರು. ಹೊಳೆಪ್ಪ ಮಡಚಿಕೊಂಡು ಓಣಿಯಲ್ಲಿ ಕುಂತ.

"ನೀವು ಬಂತ್ರೀ ಅನ್ಲಿಲ್ಲಲ್ರೀ ಉಸ್ತಾದ್!"

ಗರಡಿಯ ಹುಡುಗರು ಮಣ್ಣಿನಲ್ಲಿ ಬಿದ್ದು ಹೊರಳಿ ನಕ್ಕರು. ಉಸ್ತಾದರು ನಗಲಿಲ್ಲ. "ಸಂತ್ಯಾಗ ತಿವಿಯಾವ ನಿನಗ ಬಂತ್ರೀ ಅಂತ ಹೇಳಿ ತಿವಿತಾನೇನೋ?"

ಆದರೆ ಆ ವಾರದಿಂದ ಹಾಗೇ ಆಯಿತು. ಸಂತೆಯಲ್ಲಿ "ಬಂತ್ರೀ!" ಎಂದು ಕೂಗಿ ಆಮೇಲೆ ತಿವಿಯತೊಡಗಿದರು. ಮೊದಲು ಒಂದು ಬೆರಳಿತ್ತು, ಈಗ ಬೆರಳಿಗೊಂದು ಹಾಡು ಸೇರಿತು. ಉಳಿದದ್ದು ಒಂದೇ ಅವಕಾಶ.

"ಇನ್ನ ಹೇಳಬ್ಯಾಡ. ಹೇಳದ ಹೊಡಿ," ಅಂದ ಹೆಂಡತಿಗೆ.

"ಹೇಳಿ ಹೊಡದ್ರ ಸೇವಾ ಆಗತೈತ್ರಿ. ಹೇಳದ ಹೊಡದ್ರ ಬಡದಾಟ."

"ಬಡದಾಟನ ಬೇಕಾಗೇತಿ ನನಗ!"

ಒಪ್ಪಿದಳು. ಒಪ್ಪಿದ ಮೇಲೆ ತಡೆದವರಿಲ್ಲ. ಧೋತರ ಉಡುವಾಗ ಒಂದು, ಹಲ್ಲುಜ್ಜುವಾಗ ಒಂದು. ನೀರಿನ ಕೊಡ ಹೊತ್ತು ತರುವಾಗ ಬಿದ್ದ ಏಟಿಗೆ ಕೊಡವೇ ಒಡೆಯಿತು. (ಕೊಡಕ್ಕೂ ನಮಸ್ಕಾರ ಮಾಡಿದಳು.) ಕೊನೆಕೊನೆಗೆ ಅವಳು ಸಾರು ಬಡಿಸಲು ಬಗ್ಗಿದರೂ ಹೊಳೆಪ್ಪ "ಹುಂ" ಅನ್ನುತ್ತಿದ್ದ. ಇದು ರೂಢಿಯೋ, ಹೆದರಿಕೆಯೋ? ನನಗೂ ಗೊತ್ತಿಲ್ಲ. ಅವನಿಗೂ.

೫

ಈಗ ಕ್ಲೈಮ್ಯಾಕ್ಸ್. ನನ್ನ ಹತ್ತಿರ ಸ್ಟಾಕ್ ಇದೆ, ಆರಿಸಿಕೊಳ್ಳಿ.

ಒಂದು: ಏಟು ಬಿತ್ತು, ಹೊಳೆಪ್ಪ ಕಂಬದ ಹಾಗೆ ನಿಂತ, ಜನ ಸಿಳ್ಳೆ ಹೊಡೆದರು.

"ಬ್ಯಾಡ್ರಿ," ಅಂದ ಹೊಳೆಪ್ಪ. "ಅದು ನೀವು ಕೊಟ್ಟದ್ದಾತು. ನಾ ನಿಂತದ್ದಲ್ಲ."

ಎರಡು: ಅವನು ಬಿದ್ದ, ಅನ್ನವ್ವನನ್ನೇ ಗರಡಿಗೆ ಸೇರಿಸಿಕೊಂಡರು.

"ನನಗ್ಯಾಕ ಗರಡಿ? ನನ್ನ ಕೈ ಪಳಗೇತಿ," ಅಂದಳು ಅನ್ನವ್ವ. "ಇವರು ಮಣ್ಣಿಗಿಳಿದು, ಮನಿಗೆ ಬಂದು ಹೊಟ್ಟಿತುಂಬ ಉಣ್ಣಬೇಕು. ಅದನ್ನ ಬರಿ."

ಮೂರು: ಉಸ್ತಾದರ ಕೈಯೇ ಉಳುಕಿತು.

"ಏ ಮುದುಕಾ!" ಬುಡನಸಾಬರು ಗದರಿದರು. "ನನ್ನ ಕೈ ತಂಟೇಕ ಬಂದಿ ಅಂದ್ರ ನೋಡು."

ಹಾಗಾದರೆ ನಡೆದಂತೆಯೇ ಹೇಳುತ್ತೇನೆ. ಹೊಳೆಪ್ಪ ಹೊಸ್ತಿಲ ಮೇಲಿದ್ದಾನೆ. ಎದುರು ಕಟ್ಟೆಯ ಮೇಲೆ ಅನ್ನವ್ವ, ಅಪ್ಪಿತಪ್ಪಿ "ಬಂತ್ರೀ" ಅಂದುಬಿಟ್ಟೇನೆಂದು ತನ್ನ ಬಾಯಿಗೆ ತಾನೇ ಸೆರಗು ತುರುಕಿಕೊಂಡಿದ್ದಾಳೆ. ಉಸ್ತಾದರು ಕೈ ಎತ್ತಿದರು.

"ಹುಂ," ಅಂದ ಹೊಳೆಪ್ಪ.

ಉಸ್ತಾದರು ಕೈ ಇಳಿಸಿದರು. ಸ್ವಲ್ಪ ತಡೆದು ಮತ್ತೆ ಎತ್ತಿ...

"ಹುಂ."

ಉಸ್ತಾದರು ನನ್ನ ಕಡೆ ತಿರುಗಿದರು. "ನಾ ಕೈ ಎತ್ತೂದನ್ನ ನೀ ಊರಿಗೆಲ್ಲಾ ಹೇಳಾಕತ್ತೀ. ಅದನ್ನ ಕೇಳಿ ಇವ ಬಿಗಿ ಹಿಡ್ಯಾಕತ್ತಾನ. ನಿನ್ನ ಬಾಯೇನ್ ಈಕೀ ಬಾಯಿಗಿಂತ ಬ್ಯಾರೆ ಐತೇನು?"

"ಕಥಿ ಹೇಳಾಕತ್ತೇನ್ರಿ ಉಸ್ತಾದ್, ಹೇಳದಿದ್ರ ಹೆಂಗ?"

"ಖರೇ ಐತ್ರಿ ಅಜ್ಜಾ," ಅಂದ ಹೊಳೆಪ್ಪ. ಕತ್ತು ತಿರುಗಿಸಲಿಲ್ಲ. ಕಣ್ಣು ತೆರೆದೇ ಇದ್ದವು. "ನೀವು ಮಾತಾಡೂ ತನಕ ನನಗ ಏಟು ಮೊದಲ ತಿಳೀತೈತಿ. ನಿಂತ್ರೂ ನಿಂತಂಗ ಆಗೂದಿಲ್ಲ. ಸುಮ್ಮನಾಗ್ರಿ."

"ಕೇಳಾಕತ್ತವರು ಬೈತಾರೋ. ಏನಾತು ಅಂತ ಕೇಳ್ತಾರ."

"ಅವರಿಗೂ ಹೇಳದ ಬೀಳ್ಲಿ ಬಿಡ್ರಿ."

ನಾನು ಹುಟ್ಟಿದಾಗಿನಿಂದ ಯಾರಿಗಾಗಿಯೂ ಬಾಯಿ ಮುಚ್ಚಿದವನಲ್ಲ. ಮುಚ್ಚಲು ನನಗೆ ಬರುವುದೂ ಇಲ್ಲ. ಆದರೆ ಆ ಹೊಟ್ಟೆ ನೋಡಿ: ಬಿಗಿಯೂ ಇಲ್ಲ, ಸಡಿಲೂ ಇಲ್ಲ, ಸುಮ್ಮನೆ ಉಸಿರಾಡುತ್ತಿದೆ. ಉಸ್ತಾದರೂ ಕಾಯುತ್ತಿದ್ದಾರೆ, ಅವನನ್ನಲ್ಲ, ನನ್ನ ಬಾಯಿ ನಿಲ್ಲುವುದನ್ನು. ಇನ್ನೊಂದೇ ಮಾತು ಹೇಳಿ ಮುಗಿಸುತ್ತೇನೆ. ನನ್ನ ಲೆಕ್ಕದಲ್ಲಿ ಈ ಹುಡುಗ