ಹಿತ್ತಲ ಒಲೆ

ನಮ್ಮ ಮನೆಯಲ್ಲಿ ಬೆಳಗಾಗೆದ್ದು ಮೊದಲು ಕೇಳುತ್ತಿದ್ದುದು ಕೆಮ್ಮು. ಅದು ಶಕುಂತಲಕ್ಕನದು. ಆಕೆ ನನ್ನ ನೆಗೆಣ್ಣಿ, ನನ್ನ ಗಂಡ ಶರಣಕುಮಾರರ ಅಣ್ಣ ಬಸವಣಪ್ಪನವರ ಹೆಂಡತಿ. ನಾನು ಮನೀಷಾ, ಬಸವಕಲ್ಯಾಣದ ಕಿರಾಣಿ ಅಂಗಡಿಯವರ ಮಗಳು, ತೊಂಬತ್ತಾರರಲ್ಲಿ ದುಬಲಗುಂಡಿಗೆ ಸೊಸೆಯಾಗಿ ಬಂದವಳು. ಬಂದ ದಿನವೇ ಅಡುಗೆಮನೆಯೊಳಗೆ ಕಾಲಿಟ್ಟು, ಕಣ್ಣುಜ್ಜಿಕೊಳ್ಳುತ್ತ ಹೊರಗೋಡಿದೆ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ, ಮಳೆಗಾಲದಲ್ಲಿ ಅದಕ್ಕೂ ಕಲ್ಲು ಮುಚ್ಚುತ್ತಿದ್ದರು. ಉರಿಸುವುದು ತೊಗರಿಕಟ್ಟಿಗೆ ಮತ್ತು ಸಗಣಿಯ ಕುಳ್ಳು. ಅತ್ತೆ ಯಶೋದಾಬಾಯಿಯವರು ಮದುವೆಯಾಗಿ ಬಂದಾಗ ತಮ್ಮ ಕೈಯಾರೆ ಹಾಕಿದ ಒಲೆ ಅದು. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿ, ಬೆಳಿಗ್ಗೆ ಊದಿ ಎಬ್ಬಿಸುತ್ತಿದ್ದರೇ ಹೊರತು ಆರಲು ಬಿಟ್ಟವರಲ್ಲ. ಆ ಒಲೆಯ ಮುಂದಿನ ಜಾಗವನ್ನು ಅವರು ಶಕುಂತಲಕ್ಕನಿಗೆ ಬಿಟ್ಟುಕೊಟ್ಟಿದ್ದರು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಊರವರು ಆಡಿಕೊಂಡದ್ದು ಒಂದೆರಡು ಮಾತಲ್ಲ. ಆದರೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಆಕೆ ಮನೆಯ ಒಡತಿ, ಅಲ್ಲಿ ಯಾರೂ ಆಕೆಗೆ ಏನೂ ಅನ್ನುವಂತಿರಲಿಲ್ಲ.

ಮರುವರ್ಷದ ಚಳಿಗಾಲಕ್ಕೆ ಕೆಮ್ಮು ಎದೆಗಿಳಿಯಿತು. ಹುಮನಾಬಾದಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಮೊದಲ ಹೊಗಿ ಬಿಡಿಸ್ರಿ. ಹೊಗ್ಯಾಗ ಕುಂತ್ರ ನನ್ನ ಔಷಧ ಏನೂ ಮಾಡಂಗಿಲ್ಲ. ಹಿಂಗೇ ನಡದ್ರ ಉಸುರು ಭಾಳ ದಿನ ಬರಂಗಿಲ್ಲ," ಎಂದರು.

ಬೇರೆ ಒಲೆ ಹುಡುಕತೊಡಗಿದೆ. ಗ್ಯಾಸಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಅತ್ತೆಗೆ ಅದರ ಮಾತೇ ಬೇಡ. "ಗ್ಯಾಸಿನ ಮ್ಯಾಲ ಸುಟ್ಟ ರೊಟ್ಟಿ ಹೊಟ್ಟಿ ಹಿಡೀತದ," ಎಂದು ಮುಗಿಸಿಬಿಟ್ಟರು. ಪಂಪಿನ ಸ್ಟೋವ್ ತಂದು ನೋಡಿದೆವು. ರೊಟ್ಟಿ ಸುಡುವ ನಮ್ಮ ಅಗಲದ ಹಂಚು ಅದರ ಮೇಲೆ ಕುಡಿದವರಂತೆ ಓಲಾಡಿತು, ರೊಟ್ಟಿಗೆಲ್ಲ ಚಿಮಣಿ ಎಣ್ಣೆಯ ವಾಸನೆ. ಕೊನೆಗೆ ಮೋರಖಂಡಿಯಲ್ಲಿ ನಮ್ಮ ಸೋದರತ್ತೆ ಗಯಾಬಾಯಿಯ ಮನೆಯಲ್ಲಿ ನೋಡಿದ ಒಲೆ ನೆನಪಾಯಿತು. ಮಣ್ಣಿನದೇ ಒಲೆ, ಹಂಚಿಗೊಂದು ಕಣ್ಣು, ಗಡಿಗೆಗೊಂದು ಕಣ್ಣು, ಹಿಂದಿನಿಂದ ಸಿಮೆಂಟಿನ ಪೈಪು ಚಾವಣಿ ದಾಟಿ ಹೋಗುತ್ತದೆ, ಹೊಗೆಯೆಲ್ಲ ಅದರೊಳಗೆ.

"ಮಾಳಿಗಿ ತೂತ ಮಾಡ್ತೀಯೇನ? ಮಳಿ ಬಂದ್ರ ನೀ ಕೊಡಿ ಹಿಡೀತಿ?" ಎಂದರು ಅತ್ತೆ. ಅದು ಖರೇ, ಮಣ್ಣಿನ ಮಾಳಿಗೆಗೆ ಒಮ್ಮೆ ತೂತು ಬಿದ್ದರೆ ಸೋರುವುದು ನಿಲ್ಲುವುದಿಲ್ಲ. ಆದರೆ ಹಿತ್ತಲಲ್ಲಿ ತಗಡಿನ ಮಾಡೊಂದಿತ್ತು, ಕಟ್ಟಿಗೆ ಒಟ್ಟುವ ಜಾಗ. ಅತ್ತೆ ಬೇಮಳಖೇಡಕ್ಕೆ ನೆಂಟರ ಮದುವೆಗೆ ಹೋದ ವಾರ ನಾನು ಕೆಲಸಕ್ಕಿಳಿದೆ. ಅವರಿಲ್ಲದಾಗ ಮಾಡಿದೆ, ಹೌದು. ಅವರಿದ್ದಾಗ ಮಾಡಲು ಬಿಡುತ್ತಿದ್ದರೇ?

ಪೈಪನ್ನು ಹುಮನಾಬಾದಿನಿಂದ ಬಸ್ಸಿನ ಮೇಲೆ ಹಾಕಿಸಿ ತಂದೆ. "ಇದಕ್ಕೂ ಟಿಕೆಟ್ ತಗೋರಿ ಅಕ್ಕಾರ, ನಿಮಗಿಂತ ಉದ್ದ ಅದ," ಎಂದು ಕಂಡಕ್ಟರ್ ಕಾಡಿಸಿದ. ನಮ್ಮ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಅದಕ್ಕೇ ಹುತ್ತದ ಮಣ್ಣು ತರಿಸಿ, ಹೊಟ್ಟು, ಕತ್ತೆಲದ್ದಿ ಕಲಸಿ ತುಳಿದೆ. ಒಲೆ ಹಾಕಿ, ನೆರಳಲ್ಲಿ ಒಣಗಿಸಿ, ಬಿರುಕು ಕಂಡಲ್ಲೆಲ್ಲ ಸಗಣಿ ಬಗ್ಗಡ ಮೆತ್ತಿದೆ. ನನ್ನ ಗಂಡ ತಗಡು ಕೊರೆದು ಪೈಪು ನಿಲ್ಲಿಸಿಕೊಟ್ಟರು. ಕಡ್ಡಿ ಗೀರಿದೆ. ಹೊಗೆ ಒಂದಿಷ್ಟು ಹೊತ್ತು ಒಲೆಯ ಬಾಯಲ್ಲೇ ಸುತ್ತಾಡಿ, ಆಮೇಲೆ ಪೈಪಿನ ದಾರಿ ಹಿಡಿಯಿತು. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ ಅಕ್ಕನನ್ನು ಕೂಗಿದೆ.

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ಇದ ಯಾರಿಗಿ, ಮನೀಷಾ?"

"ನಿಮಗ್ರಿ ಅಕ್ಕಾ. ನಿಮ್ಮ ಸಲುವಾಗಿನೇ ಹಾಕೀನಿ."

ಆಕೆಯ ಮುಖ ಬಿಳಿಚಿಕೊಂಡಿತು. "ನನಗ ಹಿತ್ತಲಾಗ ಹಾಕಿದಿ ಏನವ್ವಾ?" ಅಷ್ಟೇ ಅಂದಳು. ಒಳಗೆ ಹೋಗಿ ಹಳೆಯ ಒಲೆಯ ಮುಂದೆ ಕೂತು ಊದತೊಡಗಿದಳು.

ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಹೊಲದ ಮಾತು ಆಮೇಲೆ. ಮೊದಲು ಅನ್ನುವುದು, ಅವರ ಒಲೆ ಬೇರೆಯಾಯಿತು ಎಂದು. ತಾಯಿ ಇರುವತನಕ ಮನೆಯಲ್ಲಿ ಎರಡನೆಯ ಒಲೆ ಹೊತ್ತಿಸುವುದಿಲ್ಲ. ಹೊತ್ತಿಸುವುದೇ ಆದರೆ ತಾಯಿಯೇ ಹಳೆಯ ಒಲೆಯ ಕೆಂಡವನ್ನು ಹೊಸದಕ್ಕೆ ಹಾಕಿಕೊಡಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಹೊಗೆ ತಪ್ಪಿಸಲು ಹಾಕಿದ ಒಲೆಗೂ ಮಂದಿ ಅದೇ ಅರ್ಥ ಹಚ್ಚುತ್ತಾರೆಂದು ಮಾತ್ರ ಹೊಳೆಯಲಿಲ್ಲ.

ಸಂಜೆ ಬಸವಣಪ್ಪ ಭಾವನವರು ಹೊಲದಿಂದ ಬರುವಾಗ ದೂರದಿಂದಲೇ ತಗಡಿನ ಮೇಲಿನ ಹೊಗೆ ನೋಡಿದರು. ಯಾರನ್ನೂ ಏನೂ ಕೇಳಲಿಲ್ಲ. ಜೋಡಿ ಎತ್ತಿನಲ್ಲಿ ಒಂದನ್ನು ಗೋದಲಿಯಿಂದ ಬಿಚ್ಚಿ ಅಂಗಳದ ಆಚೆ ಬದಿಯ ಗೂಟಕ್ಕೆ ಕಟ್ಟಿದರು. ಒಂಟಿಯಾದ ಎತ್ತು ಕುತ್ತಿಗೆ ಹೊರಳಿಸಿ ಕೂಗತೊಡಗಿತು. ನನ್ನ ಗಂಡ ಓಡಿಹೋಗಿ ಅಣ್ಣನ ಕೈ ಹಿಡಿದರು. "ಅಣ್ಣಾ, ಏನ್ ಮಾಡಾಕತ್ತೀ? ಅದು ವೈನಿ ಕೆಮ್ಮಿಗಿ ಹಾಕಿದ್ದು."

"ಕೆಮ್ಮಾಕೀನ್ನ ಬ್ಯಾರೆ ಇಟ್ರಿ," ಎಂದರು ಭಾವನವರು. ದನಿ ಏರಲಿಲ್ಲ. "ಆಕಿ ಬ್ಯಾರೆ ಆದ್ರ ನಾನೂ ಬ್ಯಾರೇನೇ ಅಲ್ಲೇನೋ, ತಮ್ಮಾ?"

ನನ್ನ ಗಂಡ ಕೈ ಬಿಟ್ಟರು. ಅಣ್ಣನಿಗೆ ಎದುರಾಡಿ ಗೊತ್ತಿದ್ದವರಲ್ಲ. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಒಳ್ಳೆಯದು ಮಾಡಲು ಹೋಗಿ ಮನೆ ಒಡೆದವಳು ಎಂಬ ಹೆಸರು ಬಂತಲ್ಲ ಎಂಬ ದುಃಖ ಒಂದು, ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು ಇನ್ನೊಂದು.

ಮರುದಿನ ಹಿಟ್ಟು ನಾದುವಾಗ ಅಕ್ಕನ ಉಸಿರು ಕಟ್ಟಿತು. ಗೋಡೆ ಹಿಡಿದುಕೊಂಡಳು, ತುಟಿಗಳು ನೀಲಿಯಾದವು. ನಾನು ಬೆನ್ನು ತಿಕ್ಕಿ, ನೀರು ಕುಡಿಸಿ, ಕಾಲಿಗೆ ಬಿದ್ದೆ. "ಅಕ್ಕಾ, ನಿಮಗ ಕೈ ಮುಗೀತೀನಿ, ಹಿತ್ತಲಿಗಿ ಬರ್ರಿ."

"ಸತ್ರ ಇಲ್ಲೇ ಸಾಯ್ತೀನಿ," ಎಂದಳು ಅಕ್ಕ, ಉಸಿರು ಸಿಕ್ಕಿದ ಮೇಲೆ. "ಮಕ್ಕಳಿಲ್ಲ, ಮರಿ ಇಲ್ಲ. ಈ ಒಲಿನೂ ಹೋದ್ರ ನಾ ಈ ಮನ್ಯಾಗ ಯಾರು?"

ಪರಾತ ನನ್ನತ್ತ ಎಳೆದುಕೊಂಡು ಉಳಿದ ಹಿಟ್ಟನ್ನು ನಾನೇ ನಾದಿದೆ.

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದರು. ಬಸ್ ಸ್ಟ್ಯಾಂಡಿನಲ್ಲೇ ಯಾರೋ "ಪಾಲಾತಂತಲ್ರಿ ನಿಮ್ಮನ್ಯಾಗ?" ಎಂದು ಕೇಳಿಯಾಗಿತ್ತು. ಕಾಲು ಕೂಡ ತೊಳೆಯದೆ ಅಂಗಳ ದಾಟಿದರು. ಒಂಟಿ ಎತ್ತನ್ನು ನೋಡಿದರು, ಹಿತ್ತಲಿಗೆ ಹೋಗಿ ಒಲೆ ನೋಡಿದರು. ಇಬ್ಬರು ಗಂಡುಮಕ್ಕಳೂ ಎದುರಿಗೆ ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು.

"ಹೊಗಿ ಹೊರಗ ಹೋಗತದೇನ?"

"ಹೋಗತದ್ರಿ ಅತ್ತಿ. ಪೈಪ್ ಆಗಾಗ ತಗದು ಮಸಿ ಝಾಡಿಸಬೇಕು, ಅಷ್ಟೇ."

ಅತ್ತೆ ಅಡುಗೆಮನೆಗೆ ಹೋದರು. ಒಲೆಯ ಮುಂದೆ ಬಗ್ಗಿ ಕೂತಿದ್ದ ಅಕ್ಕ ಪಕ್ಕಕ್ಕೆ ಸರಿದಳು. ಅತ್ತೆ ಬೂದಿ ಕೆದರಿ, ಹಂಚಿನ ಚೂರಿನಲ್ಲಿ ಕೆಂಡ ತುಂಬಿಕೊಂಡು ಎದ್ದರು. ಭಾವನವರು ಹೆಗಲ ಮೇಲಿನ ಸೆಲ್ಲೆಯಿಂದ ಮುಖ ಮುಚ್ಚಿಕೊಂಡರು. ತಾಯಿಯೇ ಕೆಂಡ ಒಯ್ದರೆಂದರೆ ಪಾಲು ಪಕ್ಕಾ ಆಯಿತು ಎಂದೇ ಎಲ್ಲರೂ ತಿಳಿದೆವು. ಅತ್ತೆ ಆ ಕೆಂಡವನ್ನು ಹಿತ್ತಲ ಒಲೆಗೆ ಸುರುವಿ, ನಾಲ್ಕು ತೊಗರಿಕಟ್ಟಿಗೆ ಮುರಿದು ಇಟ್ಟು, ಮತ್ತೆ ಒಳಗೆ ಬಂದರು. ಬಿಂದಿಗೆ ಎತ್ತಿದರು. ಏನು ಮಾಡುತ್ತಾರೆಂದು ನಮಗೆ ತಿಳಿಯುವಷ್ಟರಲ್ಲಿ ಬಿಂದಿಗೆಯ ನೀರನ್ನೆಲ್ಲ ತಮ್ಮ ಒಲೆಯ ಮೇಲೆ ಸುರಿದುಬಿಟ್ಟರು.

ಸುಂಯ್ ಎಂದು ಹಬೆ ಎದ್ದಿತು. "ಅವ್ವಾ!" ಎಂದು ಮಕ್ಕಳಿಬ್ಬರೂ ಒಟ್ಟಿಗೆ ಕೂಗಿದರು. ತಾವೇ ಹಾಕಿ, ತಾವೇ ಸಾರಿಸಿ, ಅಷ್ಟು ವರ್ಷ ಆರಗೊಡದೆ ಕಾಯ್ದ ಒಲೆ. ಕಪ್ಪು ನೀರು ನೆಲದ ಮೇಲೆ ಹರಿದು ಅತ್ತೆಯ ಪಾದಕ್ಕೆ ತಾಗಿತು. ಅವರ ಕಣ್ಣಲ್ಲಿ ನೀರು ನಿಂತಿತ್ತು, ಮಾತು ಮಾತ್ರ ನಡುಗಲಿಲ್ಲ.

"ಈ ಮನ್ಯಾಗ ಒಲಿ ಒಂದೇ. ಅದು ಹಿತ್ತಲಾಗ ಅದ. ಬಸವಣಪ್ಪಾ, ಎತ್ತ ತಂದು ಜೋಡಿಗಿ ಕಟ್ಟು."

ಭಾವನವರು ಹೋದರು. ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ಹಿಟ್ಟಿನ ಪರಾತ ಹಿಡಿದು ನಾನು ಬೆನ್ನಹಿಂದೆ ಹೋದೆ. ಆಕೆ ಹೊಸ ಒಲೆಯ ಮುಂದೆ ಕೂತಳು, ಕಟ್ಟಿಗೆ ಒಳಗೆ ನೂಕಿ ಹಂಚಿಟ್ಟಳು. ಅತ್ತೆ ಬಂದು ಬಾಗಿಲಲ್ಲೇ ನಿಂತರು. ಅಷ್ಟು ವರ್ಷ ಮನೆಯಾಳಿದ ಹೆಂಗಸು ಹೊಸ್ತಿಲು ದಾಟಲು ಹಿಂದೆಮುಂದೆ ನೋಡುತ್ತಿದ್ದರು.

"ಶಕುಂತಲಾ, ಹಸಿವಾಗೇದವ್ವಾ. ನಿನ್ನ ಒಲಿ ಮುಂದ ಕುಂದರ್ಲೇನ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಟ್ಟಿನ ಉಂಡೆ ಮುರಿದು ಅಂಗೈಯಲ್ಲಿ ತಟ್ಟುತ್ತ, ಅತ್ತೆಯ ಮಸಿ ಹತ್ತಿದ ಕೈ ನೋಡಿ, ಮನೆಯ ಒಡತಿಯ ದನಿಯಲ್ಲೇ ಹೇಳಿದಳು:

"ಮೊದಲ ಕೈಕಾಲ ತೊಳಕೊಂಡು ಬರ್ರಿ ಅತ್ತಿ. ಆಮ್ಯಾಲ ಹಾಕ್ತೀನಿ."

ಅತ್ತೆ ಮರುಮಾತಾಡದೆ ಕೈ ತೊಳೆಯಲು ಹೋದರು.