ಅಪ್ಪನಿಗೆ ಇಟ್ಟ ಎಡೆ

ಗೋಡೆಯಿಂದ ಇಳಿಸಿದ ಫೋಟೋಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಳಗೆ ದೊಡ್ಡಮ್ಮ ವಡೆ ತಟ್ಟುತ್ತಿದ್ದಳು. ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆಂದು ನಾನೂ ಅಮ್ಮನೂ ಗುಬ್ಬಿಯಿಂದ ಕೊತ್ತಗೆರೆಗೆ ಬಂದಿದ್ದೆವು. ತಾತನ ಫೋಟೋ ಆಯಿತು, ಅಜ್ಜಿಯದಾಯಿತು. ಮೂರನೆಯದು ಅಪ್ಪನದು.

ಅಪ್ಪ ಸತ್ತಿರಲಿಲ್ಲ. ಕುವೈತಿನಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದ. ಅವನ ರೂಮಿನಲ್ಲೇ ಇದ್ದ ಅಂತರಸನಹಳ್ಳಿಯ ಸಿದ್ದಗಂಗಯ್ಯ ಹೋದ ತಿಂಗಳು ರಜೆಗೆ ಬಂದವನು ಅಪ್ಪ ಕೊಟ್ಟ ಸೀರೆ ತಂದುಕೊಟ್ಟಿದ್ದ. ಅಮ್ಮ ಅದನ್ನೇ ಉಟ್ಟಿದ್ದಳು.

ಎಂಬತ್ತೆರಡರಲ್ಲಿ ಹೊರಡುವಾಗ, ವಿಮಾನ ಬಿದ್ದರೆ ಅಣ್ಣ ನಮ್ಮನ್ನು ಸಾಕಲಿ ಎಂದು ಅಪ್ಪ ಶಿರಾ ಗೇಟಿನ ಅಂಗಡಿಯನ್ನು ದೊಡ್ಡಪ್ಪನಿಗೆ ಉಯಿಲು ಬರೆದಿದ್ದ, ರಿಜಿಸ್ಟರ್ ಮಾಡಿಸಿರಲಿಲ್ಲ. ಯುಗಾದಿಗೆ ಬಂದು ಅದನ್ನು ಅಮ್ಮನ ಹೆಸರಿಗೆ ಬದಲಾಯಿಸುತ್ತೇನೆಂದು ಈಗ ಸಿದ್ದಗಂಗಯ್ಯನ ಕೈಲಿ ಹೇಳಿ ಕಳಿಸಿದ್ದ. ಆ ಮಾತು ದೊಡ್ಡಪ್ಪನ ಕಿವಿಗೂ ಬಿದ್ದಿತ್ತು.

ನಾನು ಫೋಟೋವನ್ನು ಮಡಿಲಲ್ಲಿ ಕವುಚಿಟ್ಟುಕೊಂಡೆ. ದೊಡ್ಡಪ್ಪ ಬಂದು ಕಿತ್ತುಕೊಂಡ.

ಕುಣಿಗಲ್ಲಿನ ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರೆಯುವ ಕದರಯ್ಯ ಪಡಸಾಲೆಯಲ್ಲಿ ಕೂತಿದ್ದ.

"ಇನ್ನೊಂದ್ಸಲ ಹೇಳ್ತೀನಿ ಕೇಳು ರಂಗಯ್ಯ. ಉಯಿಲು ಎಲ್ಲಿ ಕೂತಾದ್ರೂ ಬರೀಬೌದು. ಬದುಕಿರೋ ತನಕ ರಿಜಿಸ್ಟ್ರಿಗೆ ಅವನೇ ಬರ್ಬೇಕು, ಕುವೈತಲ್ಲಿರ್ಲಿ, ಚಂದ್ರಲೋಕದಲ್ಲಿರ್ಲಿ. ಸತ್ತಿದ್ರೆ ಮಾತ್ರ ನೀನು ತರ್ಬೌದು."

"ನನ್ನ ಪಾಲಿಗೆ ಸತ್ತವ್ನೆ," ಅಂದ ದೊಡ್ಡಪ್ಪ.

"ನಿನ್ನ ಪಾಲಿಗಲ್ಲಪ್ಪ, ಸರ್ಕಾರದ ಪಾಲಿಗೆ ಸಾಯ್ಬೇಕು. ಸರ್ಟಿಫಿಕೇಟು ಬೇಕು."

"ಎಡೆ ಇಕ್ತಿರೋದು ಇನ್ಯಾತಕ್ಕೆ? ಇಲ್ಲಿ ಉಂಡೋರು ನಾಳೆ ವಿಲೇಜ್ ಅಕೌಂಟೆಂಟ್ ಮುಂದೆ ಅವ್ನು ಸತ್ತಿಲ್ಲ ಅಂತಾರಾ?"

ಕೋಣೆಯಲ್ಲಿ ಮೂರೂ ಫೋಟೋ ಇಟ್ಟು ಮುಂದೆ ಮೂರು ಎಲೆ ಹಾಸಿದರು. ಅಪ್ಪನ ಎಲೆಯ ಪಕ್ಕ ಬೀಡಿ ಕಟ್ಟು ಇಟ್ಟರು. ಅಪ್ಪ ಬೀಡಿ ಮುಟ್ಟಿದವನಲ್ಲ. ಅದು ದೊಡ್ಡಪ್ಪನ ಜೇಬಿನದು.

ಊರಿನ ಹಿರೀಕ ಚಿಕ್ಕಬೋರಯ್ಯ ಕಾಲು ತೊಳೆದು ಒಳಗೆ ಬಂದ. ಫೋಟೋ ನೋಡಿದ, ಅಮ್ಮನ ಹಣೆ ನೋಡಿದ.

"ಏನ್ಲಾ ರಂಗ, ತಮ್ಮನ್ಗೆ ಎಡೆ ಇಕ್ಕಿದೀಯ, ಅವನ ಹೆಂಡ್ತಿ ಕಾಸಗಲ ಕುಂಕುಮ ಇಟ್ಕೊಂಡು ನಿಂತವ್ಳೆ! ಸತ್ತಿರೋರು ಯಾರ್ಲಾ?"

ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಬಳೆ ತೆಗಿಯೇ ಲಕ್ಷ್ಮೀ. ಒಂದಿನದ ಮಟ್ಟಿಗೆ. ನಾಳೆ ಹಾಕ್ಕೊಳೀವಂತೆ."

"ಒಂದಿನದ ಮಟ್ಟಿಗೆ ನಿನ್ ಗಂಡನೂ ಸಾಯ್ಲಿ ಅಕ್ಕ," ಅಂದಳು ಅಮ್ಮ. "ಇಬ್ರೂ ಜೊತೇಲೇ ತೆಗ್ಯೋಣ."

"ಈ ಮನೆ ಹೊಸ್ಲು ಇವತ್ತಿಗೆ ಮುಗೀತು ನಿಂಗೆ!" ದೊಡ್ಡಪ್ಪ ಕೂಗಿದ.

"ಮುಗೀಲಿ ಬುಡಿ."

"ನಾನು ಉಣ್ಣಕ್ಕೆ ಬಂದೋನು ಕಣಪ್ಪ, ಸುಳ್ಳು ಸಾಕ್ಷಿ ಹೇಳಕ್ಕಲ್ಲ," ಎನ್ನುತ್ತಾ ಚಿಕ್ಕಬೋರಯ್ಯ ಚಪ್ಪಲಿ ಮೆಟ್ಟಿದ.

ದೊಡ್ಡಪ್ಪ ಆದರೂ ಕರ್ಪೂರ ಹಚ್ಚಿದ, ಕೋಣೆಯ ಬಾಗಿಲು ಎಳೆದುಕೊಂಡ. ಹಿರಿಯರು ಬಂದು ಉಣ್ಣುವವರೆಗೆ ಬಾಗಿಲು ತೆಗೆಯಬಾರದು, ಮಾತಾಡಬಾರದು. ಎಲ್ಲರೂ ಬಾಗಿಲ ಮುಂದೆ ಕೂತರು. ಅಮ್ಮ ಮಾತ್ರ ನಮ್ಮ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಮೇಲೆ ದೊಡ್ಡವರೆದುರು ನಾನು ಬಾಯಿ ತೆರೆದದ್ದೇ ಕಡಿಮೆ.

"ದೊಡ್ಡಪ್ಪ, ನಮ್ಮಪ್ಪನ ಫೋಟೋ ಕೊಡಿ. ನಾವು ಊರಿಗೆ ಹೋಗ್ತೀವಿ."

ದೊಡ್ಡಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಬಾಗಿಲ ಸಂದಿಯಿಂದ ಕರ್ಪೂರದ ಹೊಗೆ ಬರುತ್ತಿತ್ತು.